ಒಂದು ನೂಲು ಕೊಸರು

ಹರಪನಹಳ್ಳಿ ಸಂತೆಯಲ್ಲಿ ಅಳತೆಗೆ ಸರಿಯಾಗಿ ಕೊಡುವವನಿಗೆ ಮರ್ಯಾದೆ ಇಲ್ಲ. ಕಾಯಿಪಲ್ಲೆ ಮಾರುವ ಎರ್ರೆಮ್ಮ ಬದನೆಕಾಯಿ ತೂಗಿ, ತಕ್ಕಡಿ ಸಮ ನಿಂತ ಮೇಲೆ ಇನ್ನೊಂದು ಕಾಯಿ ಮೇಲೆ ಹಾಕುತ್ತಾಳೆ. ಹಾಲಿನವನು ಲೀಟರು ಸುರಿದಾದ ಮೇಲೆ ಪಾತ್ರೆಗೆ ಇನ್ನೊಂದು ಗುಟುಕು ಬಿಡುತ್ತಾನೆ. ಅದಕ್ಕೆ ನಾವು ಕೊಸರು ಅನ್ನುತ್ತೇವೆ. ಕೊಸರು ಹಾಕದವನು ಎಷ್ಟೇ ನ್ಯಾಯವಾಗಿ ತೂಗಿರಲಿ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅನ್ನಿಸಿಕೊಳ್ಳುತ್ತಾನೆ. ನಮ್ಮಪ್ಪ ನನಗೆ ಬಾಚಿ ಹಿಡಿಯುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸಿದ್ದ.

"ಲೇ ಗಂಗ್ಯಾ, ಬಡಿಗ್ಯಾರ ಕೈ ಸಣ್ಣದಿರಬಾರದು. ಬಾಗಲಾ ಮಾಡು, ಕುಂಟಿ ಮಾಡು, ಒಂದು ನೂಲು ಹೆಚ್ಚಿಗಿ ಇರಲಿ. ಹೆಚ್ಚಿದ್ರ ಕೆತ್ತಬಹುದು, ಕಡಿಮಿ ಬಿದ್ರ ಅಂಟಸಾಕ ಬರಂಗಿಲ್ಲ."

ನೂಲು ಅನ್ನುವುದು ನಮ್ಮ ಬಡಗಿಗಳ ಲೆಕ್ಕ. ಎಂಟು ನೂಲು ಸೇರಿದರೆ ಒಂದು ಇಂಚು. ಒಂದು ನೂಲು ಅಂದರೆ ಎಷ್ಟು ಅಂತ ಕೇಳಿದರೆ, ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಅಷ್ಟೇ. ಅಷ್ಟರಿಂದ ಒಬ್ಬರ ಬಾಳು ಆಚೀಚೆ ಆಗುತ್ತದೆ ಅಂತ ನಮ್ಮಪ್ಪ ಹೇಳಿರಲಿಲ್ಲ. ಅವನಿಗೆ ಗೊತ್ತಿರಲೂ ಇಲ್ಲ.

ನಾನು ಬಡಿಗೇರ ಗಂಗಾಧರ. ಕೊಟ್ಟೂರು ರಸ್ತೆಯಲ್ಲಿ ತಗಡಿನ ಅಂಗಡಿ. ಮೊದಲು ಬಾಗಿಲು, ಕಿಟಕಿ, ಕುಂಟೆ, ಕೂರಿಗೆ ಮಾಡುತ್ತಿದ್ದೆ. ಕೂರಿಗೆ ಕಬ್ಬಿಣದ್ದಾಯಿತು, ಬಾಗಿಲು ಪ್ಲಾಸ್ಟಿಕ್ಕಿನದಾಯಿತು. ನನಗೆ ಉಳಿದವರು ಹಬ್ಬಕ್ಕೊಂದು, ನಾಯಕರ ಹುಟ್ಟುಹಬ್ಬಕ್ಕೊಂದು ಟೂರ್ನಮೆಂಟು ನಡೆಸುವ ಹುಡುಗರು ಮಾತ್ರ. ಹಾಗಾಗಿ ಬ್ಯಾಟು ಹಿಡಿದೆ. ಆಡುವುದಕ್ಕಲ್ಲ, ಕೆತ್ತುವುದಕ್ಕೆ. ಟೆನಿಸ್ ಬಾಲಿನ ಆಟಕ್ಕೆ ಹೆಬ್ಬೇವು, ಸಿಲ್ವರ್ ಓಕು ಸಾಕು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯಿಂದ ಒಂದೊಂದು ಬೈಕಿನ ಮೇಲೆ ಮೂವರು ಕೂತು ಬರುತ್ತಿದ್ದರು. ಗಂಗಣ್ಣನ ಬ್ಯಾಟು ಅಗಲ, ಸುಮ್ಮನೆ ಅಡ್ಡ ಹಿಡಿದರೂ ಚೆಂಡು ಸಿಗುತ್ತದೆ ಅನ್ನುವುದು ಅವರ ಮಾತು. ಸಿಕ್ಸರ್ ಹೋದರೆ ಹೊಡೆದವನ ತೋಳು, ಔಟಾದರೆ ಗಂಗಣ್ಣನ ಬ್ಯಾಟು. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವನಲ್ಲ. ಬ್ಯಾಟಿನ ಅಗಲ ನಾಲ್ಕು ಇಂಚು ಎರಡು ನೂಲು ದಾಟಬಾರದು ಅಂತ ಎಲ್ಲೋ ಇದೆಯಂತೆ. ನನ್ನ ಅಂಗಡಿಯಲ್ಲಿ ಅದು ನಾಲ್ಕು ಇಂಚು ಮೂರು ನೂಲು. ಇಪ್ಪತ್ತು ವರ್ಷ ಯಾರೂ ಅಳೆಯಲಿಲ್ಲ.

ಹಲವಾಗಲು ಹಳ್ಳಿಯ ದೊಡ್ಡಬೀರಪ್ಪ ಕುರಿ ಸಾಕುವವನು. ಏಳು ವರ್ಷದ ಹಿಂದೆ ಕೊಡಲಿಗೆ ಕಾವು ಹಾಕಿಸಲು ಬಂದಾಗ ಮಗಳನ್ನೂ ಕರೆತಂದಿದ್ದ. ರೇಣುಕಾ ಅಂತ ಹೆಸರು, ಹನ್ನೆರಡು ವರ್ಷ, ಮೊಳಕೈಯಲ್ಲಿ ಗಾಯದ ಕಲೆ. ಅವಳು ಗೋಡೆಗೆ ಒರಗಿಸಿದ್ದ ಒಂದು ಬ್ಯಾಟು ತೆಗೆದು ಎರಡು ಬೆರಳ ಮೇಲೆ ಮಲಗಿಸಿ ನೋಡಿ, ಹಾಗೇ ಇಟ್ಟುಬಿಟ್ಟಳು.

"ಯಾಕವ್ವಾ, ಬ್ಯಾಡೇನು?" ಅಂದೆ.

"ಮುಂದ ಭಾರ ಐತಿ ಕಾಕಾ."

ನನಗೆ ಸಿಟ್ಟು ಬಂತು. ಅವರು ಹೋದ ಮೇಲೆ ಬಾಗಿಲು ಎಳೆದುಕೊಂಡು ನಾನೂ ಬೆರಳ ಮೇಲಿಟ್ಟು ನೋಡಿದೆ. ಮುಂದೆ ಭಾರವಿತ್ತು. ಕೆಳಗೆ ಸ್ವಲ್ಪ ಕೆತ್ತಿದ ಮೇಲೆ ಸರಿಹೋಯಿತು. ಅವತ್ತಿನಿಂದ ಯಾವ ಬ್ಯಾಟು ಮಾಡಿದರೂ ಈ ಹುಡುಗಿ ಬಂದು ಏನನ್ನಬಹುದು ಅಂತ ಒಮ್ಮೆ ಯೋಚಿಸುವುದು ಅಭ್ಯಾಸವಾಯಿತು. ನಮಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಹೇಳಬೇಕಾದದ್ದಿಲ್ಲ, ಆದರೆ ಹೇಳದೆ ಹೋದರೆ ನಾನು ಮಾಡಿದ್ದು ಅರ್ಥವಾಗುವುದಿಲ್ಲ.

ಹುಡುಗಿ ಹೊಳೆದಂಡೆಯ ಬಯಲಿನಲ್ಲಿ ಗಂಡುಹುಡುಗರ ಜೊತೆ ಆಡಿ ಬೆಳೆದಳು. ಗುರುಶಾಂತ ಅನ್ನುವ ಪಿ.ಟಿ. ಮಾಸ್ತರರ ಕಣ್ಣಿಗೆ ಬಿದ್ದಳು. ಅವರು ಅವಳನ್ನು ಹರಪನಹಳ್ಳಿಗೆ ಕರೆಸಿಕೊಂಡು ಲೆದರ್ ಬಾಲಿನಲ್ಲಿ ಆಡಿಸತೊಡಗಿದರು. ಹೋದ ವರ್ಷ ಅವರೇ ಅಂಗಡಿಗೆ ಬಂದರು. ಹತ್ತೊಂಬತ್ತರೊಳಗಿನ ಹುಡುಗಿಯರ ತಂಡಕ್ಕೆ ಹೊಸಪೇಟೆಯಲ್ಲಿ ಆಯ್ಕೆ ಪಂದ್ಯ ಇದೆ ಅಂದರು. ರೇಣುಕಾಳಿಗೆ ಅದೇ ಕಡೆಯ ವರ್ಷ, ಬರುವ ವರ್ಷ ವಯಸ್ಸು ಮೀರುತ್ತದೆ. ಪೇಟೆಯ ಬ್ಯಾಟುಗಳು ಅವಳ ಎತ್ತರಕ್ಕೆ ಉದ್ದ, ಕೈಗೆ ಭಾರ. ಅವಳಿಗೆಂದೇ ಒಂದು ಬ್ಯಾಟು ಆಗಬೇಕಿತ್ತು.

ದೊಡ್ಡಬೀರಪ್ಪ ಹೊರಗೆ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ಅವನ ಲೆಕ್ಕ ಸರಳ.

"ಇದೊಂದು ನೋಡೂಣು ಗಂಗಣ್ಣ. ಆತು, ಆಡಾಕ ಎಲ್ಲಿಗಂದ್ರ ಅಲ್ಲಿಗೆ ಕಳಸ್ತೀನಿ. ಆಗಲಿಲ್ಲ, ಗಂಡು ನೋಡ್ತೀನಿ. ಮಂದಿ ಬಾಯಿ ಎಷ್ಟಂತ ಮುಚ್ಚಲಿ?"

ರೇಣುಕಾ ಅಪ್ಪನ ಮುಖ ನೋಡಲಿಲ್ಲ, ನನ್ನನ್ನು ನೋಡಿದಳು. "ಚಂದ ಮಾಡ್ರಿ ಕಾಕಾ," ಅಂದಳು, ಅಷ್ಟೇ.

ಮಾಸ್ತರರು ಒಂದು ಚೀಟಿ ಕೊಟ್ಟು ಹೋದರು. ಉದ್ದ, ತೂಕ, ಹಿಡಿಯ ದಪ್ಪ ಎಲ್ಲ ಬರೆದಿದ್ದರು. ಅಗಲ ಅನ್ನುವ ಕಡೆ ನಾಲ್ಕೂಕಾಲು ಇಂಚು ಅಂತ ಬರೆದು, ಅದರ ಕೆಳಗೆ ‘ಹೆಚ್ಚಾಗಬಾರದು’ ಅಂತ ಕೆಂಪು ಶಾಯಿಯಲ್ಲಿ ಬರೆದು ಎರಡು ಗೀಟು ಎಳೆದಿದ್ದರು.

ಆ ಬ್ಯಾಟಿಗೆ ಹನ್ನೆರಡು ದಿನ ಹಿಡಿಯಿತು. ದಾವಣಗೆರೆಯ ವ್ಯಾಪಾರಿಯ ಹತ್ತಿರ ಕಾಶ್ಮೀರದ ವಿಲ್ಲೋ ತುಂಡುಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟು ಕೇಳಿ, ನಲವತ್ತರಲ್ಲಿ ಒಂದನ್ನು ಆರಿಸಿ ತಂದೆ. ಎಳೆಗಳು ನೆಟ್ಟಗೆ ಮೇಲಿಂದ ಕೆಳಗೆ ಇಳಿದಿದ್ದವು, ಒಂದೂ ಗಂಟಿಲ್ಲ. ಬಾಚಿಯಲ್ಲಿ ಬೆನ್ನು ತೆಗೆದು, ಉಳಿಯಲ್ಲಿ ಹೆಗಲು ಇಳಿಸಿ, ಬೆತ್ತದ ಹಿಡಿ ಕೂಡಿಸಿ ಅಂಟು ಹಾಕಿ ದಾರ ಸುತ್ತಿದೆ. ಆಮೇಲೆ ಅಗಸೆ ಎಣ್ಣೆ ಕುಡಿಸಿ ಮರದ ಕೊಡತಿಯಿಂದ ಮೂರು ದಿನ ಬಡಿದೆ. ಭಾನುವಾರ ರೇಣುಕಾ ಬಂದು ತಾನೇ ಕೊಡತಿ ತೆಗೆದುಕೊಂಡು ಕೂತಳು. ಬಡಿಯುತ್ತ ಬಡಿಯುತ್ತ ಬ್ಯಾಟಿನ ಮುಖದ ಸದ್ದು ಬದಲಾಯಿತು, ಮರ ಪಳಗಿತ್ತು. ನಾವಿಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ನನ್ನ ಹೆಂಡತಿ ಅಮೃತಾ ಚಹಾ ತಂದವಳು ಹಾಗೇ ನಿಂತು ನಕ್ಕಳು.

ಅಂಚು ತೆಗೆಯುವ ದಿನ ಅಮೃತಾ ಚೀಟಿ ಓದಿದಳು. ಅವಳು ಹತ್ತನೆಯ ತರಗತಿ ಪಾಸಾದವಳು, ನಾನು ಏಳಕ್ಕೇ ಬಿಟ್ಟವನು. ಸ್ಕೇಲ್ ಹಿಡಿದು ಅಗಲ ನೋಡಿದಳು.

"ನೋಡ್ರಿ, ನಾಲ್ಕು ಇಂಚು ಮೂರು ನೂಲು ಐತಿ. ಹೆಚ್ಚಾಗಬಾರದು ಅಂತ ಬರದಾರ."

"ಮಾಸ್ತರ್ ಅಂದ್ರ ಹಂಗ ಬರೀತಾರ. ಊಟಕ್ಕ ಕುಂತೋರು ಸಾಕು ಸಾಕು ಅಂತಾರ, ನೀ ಬಿಡ್ತೀಯೇನು?"

"ಇದು ಹೋಳಿಗಿ ಅಲ್ಲರಿ. ದರ್ಜಿ ನನ್ನ ರವಿಕಿ ಒಂದು ಇಂಚು ಹೆಚ್ಚಿಗಿ ಹೊಲದ್ರ ಪ್ರೀತಿಲೆ ಹೊಲದಾನ ಅಂತ ಹಾಕ್ಕೊಳ್ಳಲೇನು?"

ನಾನು ಜೋರು ಮಾಡಿದೆ. ನಮ್ಮಲ್ಲಿ ಯಾರಾದರೂ ಮೊದಲನೇ ಸಲ ‘ಸಾಕು’ ಅಂದರೆ ಸಾಕು ಅಂತ ಅರ್ಥವಲ್ಲ. ಕೈ ಅಡ್ಡ ಹಿಡಿದವರ ಕೈ ಸರಿಸಿ ಬಡಿಸಬೇಕು. ಬಡಿಸದಿದ್ದರೆ ಅವರು ಊರಿಗೆ ಹೋಗಿ, ಕೇಳಿದ್ದಷ್ಟೇ ಹಾಕಿದರು ಅನ್ನುತ್ತಾರೆ. ಮಾಸ್ತರರ ಕೆಂಪು ಶಾಯಿ ನನಗೆ ಅಂಥದೇ ಕೈ ಅಡ್ಡ ಹಿಡಿಯುವಿಕೆಯಾಗಿ ಕಂಡಿತು. ಊರ ಪೋಲಿಗಳಿಗೆಲ್ಲ ಒಂದು ನೂಲು ಕೊಟ್ಟವನು ಮಗಳಂಥವಳಿಗೆ ಬಿಗಿ ಹಿಡಿಯಲೇ? ಒಂದು ಚೆಂಡಾದರೂ ಆ ಒಂದು ನೂಲಿಗೆ ತಾಗಲಿ ಅಂದುಕೊಂಡೆ. ಅಂಚನ್ನು ಹಾಗೇ ಬಿಟ್ಟು ಮರಳುಕಾಗದ ಹಾಕಿದೆ. ಅಮೃತಾ ಲೋಟ ತೆಗೆದುಕೊಂಡು ಒಳಗೆ ಹೋದಳು.

ಪಂದ್ಯದ ದಿನ ನಾನೂ ಹೊರಟೆ. ಇಸ್ತ್ರಿ ಅಂಗಿ, ಹೊಸ ಪಂಚೆ, ಮದುವೆಗೆ ಹೊರಟ ಹಾಗೆ. ಎಲ್ಲಿಗೆ ಹೋದರೂ ಒಂದು ಉಳಿ, ಒಂದು ಉಜ್ಜುಗೊರಡು ಇರುವ ಚೀಲ ನನ್ನ ಹೆಗಲಲ್ಲಿ ಇರುತ್ತದೆ. ಆವತ್ತು ಅದನ್ನು ಮೊಳೆಗೆ ನೇತುಹಾಕಿ, ಅದರ ಬದಲು ಅಮೃತಾ ಕಟ್ಟಿದ ಬುತ್ತಿ ಹಿಡಿದುಕೊಂಡೆ. ಬಸ್ಸಿನಲ್ಲಿ ದೊಡ್ಡಬೀರಪ್ಪ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದ. ರೇಣುಕಾ ಬ್ಯಾಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ಅದರ ಮುಖ ಸವರುತ್ತಿದ್ದಳು.

ಮೈದಾನದ ಬಾಗಿಲಲ್ಲಿ ಒಬ್ಬ ನರೆತ ಕೂದಲಿನ ಅಂಪೈರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಉಕ್ಕಿನ ಒಂದು ಚೌಕಟ್ಟು, ನಡುವೆ ಸೀಳು. ಒಬ್ಬೊಬ್ಬ ಹುಡುಗಿಯ ಬ್ಯಾಟನ್ನೂ ಆ ಸೀಳಿನಲ್ಲಿ ತೂರಿಸಿ ವಾಪಸು ಕೊಡುತ್ತಿದ್ದರು. ರೇಣುಕಾಳ ಬ್ಯಾಟು ತುದಿಯಲ್ಲೇ ಕಚ್ಚಿಕೊಂಡಿತು. ಅವರು ತಿರುಗಿಸಿ ಹಿಡಿದರು. ಮತ್ತೆ ಕಚ್ಚಿತು.

"ಇದು ನಡೆಯಂಗಿಲ್ಲ," ಅಂದರು.

"ಒಂದು ನೂಲು ಸಾಹೇಬ್ರ," ಅಂದೆ ನಾನು. "ಒಂದೇ ಒಂದು ನೂಲು."

ಅವರು ನನ್ನನ್ನು ನೋಡಿ, ಬ್ಯಾಟಿನ ಬೆನ್ನು ಸವರಿದರು. "ನೀವು ಮಾಡಿದ್ದೇನ್ರಿ? ಬಾಳ ಚಂದ ಮಾಡೀರಿ. ಆದ್ರ ಅಳತಿ ಅಂದ್ರ ಅಳತಿನ. ಆಕಿ ಬ್ಯಾಟಿಂಗಿಗೆ ಹೋಗೂದ್ರಾಗ ಸರಿ ಮಾಡಿ ತಂದ್ರ ನನಗೇನೂ ಅಭ್ಯಂತರ ಇಲ್ಲ."

ಒಳ್ಳೆಯ ಮನುಷ್ಯ. ಬಯ್ಯುವುದಕ್ಕೂ ಅವಕಾಶ ಕೊಡಲಿಲ್ಲ. ಗುರುಶಾಂತ ಮಾಸ್ತರರು ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ, "ಗಂಗಣ್ಣ, ಕೆಂಪು ಶಾಯಿಲೆ ಬರದಿದ್ನಲ್ಲೋ," ಅಂದರು. ಅವರ ತಂಡಕ್ಕೇ ಮೊದಲು ಬ್ಯಾಟಿಂಗು ಬಂತು. ಅವಳದು ಮೂರನೆಯ ಸರದಿ.

ಬ್ಯಾಟು ಕಂಕುಳಲ್ಲಿ ಹಿಡಿದು ರಸ್ತೆಗೆ ಓಡಿದೆ. ಜೀವಮಾನವಿಡೀ ಉಳಿ ಹಿಡಿದ ಕೈ, ಆವತ್ತು ಒಂದು ಉಳಿಗೆ ಭಿಕ್ಷೆ ಬೇಡಿತು. ಪಂಕ್ಚರ್ ಅಂಗಡಿಯಲ್ಲಿ ಅರ ಕೇಳಿದೆ, ಅದು ಕಬ್ಬಿಣಕ್ಕೆ ಸವೆದು ಹಲ್ಲೇ ಇರಲಿಲ್ಲ. ಕಡೆಗೆ ಚಹಾದಂಗಡಿಯಲ್ಲಿ ಒಂದು ಸೋಡಾ ಬಾಟಲಿ ತೆಗೆದುಕೊಂಡು ಮೋರಿಗೆ ಸುರಿದು, ಕಲ್ಲಿಗೆ ಹೊಡೆದೆ. ಒಡೆದ ಗಾಜು ಸರಿಯಾಗಿ ಹಿಡಿದರೆ ಮರವನ್ನು ಕೆರೆಯುತ್ತದೆ, ಇದೂ ನಮ್ಮಪ್ಪ ಕಲಿಸಿದ್ದೇ. ಮೈದಾನದ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬ್ಯಾಟನ್ನು ತೊಡೆಗಳ ನಡುವೆ ಕಚ್ಚಿ ಹಿಡಿದು ಕೆರೆಯತೊಡಗಿದೆ. ನಾನು ಕೊಟ್ಟ ಕೊಸರು ನನ್ನ ಹೊಸ ಪಂಚೆಯ ಮೇಲೆ ಪುಡಿ ಪುಡಿಯಾಗಿ ಉದುರತೊಡಗಿತು.

ಒಳಗಿಂದ ಕೂಗು ಕೇಳಿಸಿತು. ದೊಡ್ಡಬೀರಪ್ಪ ಗೇಟಿನಲ್ಲಿ ನಿಂತು ನೋಡಿ ನೋಡಿ ಬಂದು ಹೇಳುತ್ತಿದ್ದ.

"ಒಂದು ಹೋತು ಗಂಗಣ್ಣ. ಆಕಿ ಇಳದಾಳ. ಯಾರದೋ ಬ್ಯಾಟು ತಗಂಡು ಹೋಗ್ಯಾಳ."

ಎತ್ತರದ ಹುಡುಗಿಯೊಬ್ಬಳ ಬ್ಯಾಟು. ಅದು ಅವಳ ಸೊಂಟ ದಾಟಿ ಬರುತ್ತಿತ್ತು. ಆದರೂ ಹುಡುಗಿ ನಿಂತಳು. ಒಂದು ಓವರು, ಎರಡು ಓವರು, ನಾಲ್ಕು ಓವರು. ಓವರು ಮುಗಿದಾಗಲೆಲ್ಲ ಗೇಟಿನ ಕಡೆ ನೋಡುತ್ತಾಳೆ ಅಂತ ದೊಡ್ಡಬೀರಪ್ಪ ಬಂದು ಹೇಳಿದ. ಗಾಜು ಕೈ ಸೀಳಿತ್ತು, ಬಿಳಿ ಮರಕ್ಕೆ ಕೆಂಪು ಹತ್ತಿತ್ತು. ಪಂಚೆಯ ತುದಿ ಹರಿದು ಸುತ್ತಿಕೊಂಡು ಕೆರೆದೆ. ಏಳನೆಯ ಓವರಿನ ಹೊತ್ತಿಗೆ ಬ್ಯಾಟು ತೆಗೆದುಕೊಂಡು ಓಡಿದೆ. ಕುರ್ಚಿಯ ಅಂಪೈರು ಚೌಕಟ್ಟು ಹಿಡಿದರು. ಬ್ಯಾಟು ಮೇಲಿಂದ ಕೆಳಗಿನ ತನಕ ಸಲೀಸಾಗಿ ಇಳಿಯಿತು.

"ಈಗ ಸರಿ ಐತಿ," ಅಂದರು.

ಅಲ್ಲೇ ನಿಂತಿದ್ದರೆ ಆಗುತ್ತಿತ್ತು. ಓವರು ಮುಗಿಯಲು ಎರಡು ಚೆಂಡು ಬಾಕಿ ಇತ್ತು, ಮುಗಿದ ಮೇಲೆ ಮಾಸ್ತರರು ಒಳಗೆ ಕಳಿಸುತ್ತಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಗೆರೆಯ ತನಕ ಹೋಗಿ, ಬ್ಯಾಟನ್ನು ತಲೆಯ ಮೇಲೆತ್ತಿ ಹಿಡಿದು ಕೂಗಿದೆ.

"ರೇಣುಕವ್ವಾ, ಆತವ್ವಾ, ತಂದೀನಿ."

ಬೌಲರು ಓಡಿ ಬರುತ್ತಿದ್ದಳು. ರೇಣುಕಾ ತಲೆ ತಿರುಗಿಸಿದಳು. ನನ್ನನ್ನು ನೋಡಿದಳು, ಬ್ಯಾಟನ್ನು ನೋಡಿದಳು, ಅವಳ ಮುಖ ಅರಳಿದ್ದು ಅಷ್ಟು ದೂರದಿಂದಲೂ ಕಂಡಿತು. ಮತ್ತೆ ಅತ್ತ ತಿರುಗುವುದರೊಳಗೆ ಚೆಂಡು ವಿಕೆಟ್ಟಿಗೆ ಬಡಿದಿತ್ತು. ಒಂಬತ್ತು ರನ್ನು. ಬೇಕಾದ್ದಕ್ಕಿಂತ ಒಂದು ಕೂಗು ಹೆಚ್ಚು ಹಾಕಿದ್ದೆ.

ಸಂಜೆ ಪಟ್ಟಿ ಓದಿದರು. ಹದಿನೈದು ಹೆಸರು. ಅವಳದಿರಲಿಲ್ಲ. ಗುರುಶಾಂತ ಮಾಸ್ತರರು ಹೋಗಿ ಏನೇನೋ ಕೇಳಿಕೊಂಡು ವಾಪಸು ಬಂದು ನೀರು ಕುಡಿದರು. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬೀರಪ್ಪ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು ಮೊದಲ ಪೊಟ್ಟಣ ನನಗೇ ಕೊಟ್ಟ.

"ತಗ ಗಂಗಣ್ಣ. ನೀ ಏನ್ ಬೇಕಂತ ಮಾಡಿದ್ದೇನು? ಪ್ರೀತಿಲೆ ಮಾಡಿದ್ದಿ. ಬಿಡು."

ನಾಲ್ಕು ಮಂದಿಯ ಎದುರು ಕೆನ್ನೆಗೆ ಹೊಡೆದಿದ್ದರೆ ಸಹಿಸುತ್ತಿದ್ದೆ. ಆ ಮಂಡಕ್ಕಿಯ ಪೊಟ್ಟಣ ಮಡಚಿ ಬುತ್ತಿಯ ಜೊತೆ ಇಟ್ಟುಕೊಂಡೆ. ರೇಣುಕಾ ನನ್ನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬಾಟಲಿ ನೀರಿನಲ್ಲಿ ಗಾಯ ತೊಳೆದು, ತನ್ನ ಕರ್ಚೀಪು ಕಟ್ಟಿದಳು. ಬಸ್ಸಿನಲ್ಲಿ ಬ್ಯಾಟು ಅವಳ ಕಾಲ ಬುಡದಲ್ಲಿತ್ತು.

ಮನೆಗೆ ಬಂದಾಗ ಅಮೃತಾ ಪಂಚೆ ನೋಡಿದಳು, ಕೈ ನೋಡಿದಳು. ‘ನಾ ಹೇಳಿದ್ನಿಲ್ಲೋ’ ಅನ್ನಲಿಲ್ಲ. ಆ ಒಂದು ಮಾತನ್ನು ಅವಳು ಇವತ್ತಿನ ತನಕ ಆಡಿಲ್ಲ, ಅದಕ್ಕಾಗಿ ನನಗೆ ಅವಳ ಮೇಲೆ ಸಿಟ್ಟಿದೆ.

ಅಲ್ಲಿಂದ ನನ್ನ ಬ್ಯಾಟುಗಳು ನಾಲ್ಕು ಇಂಚು ಎರಡು ನೂಲು. ಒಂದು ಕೂದಲೆಳೆ ಹೆಚ್ಚಿಲ್ಲ. ಹುಡುಗರು ಹಿಡಿದು ನೋಡಿ, "ಯಾಕ ಗಂಗಣ್ಣ, ಕೈ ಸಣ್ಣ ಮಾಡಿಯಲ್ಲ," ಅಂದರು. ಮೊದಲು ಹಡಗಲಿಯವರು ಬರುವುದು ನಿಂತಿತು, ಆಮೇಲೆ ಕೂಡ್ಲಿಗಿಯವರು. ಸಂತೆಯಲ್ಲಿ ಎರ್ರೆಮ್ಮ ಹಾಕಿದ ಹೆಚ್ಚಿನ ಬದನೆಕಾಯಿಯನ್ನು ನಾನು ತೆಗೆದು ವಾಪಸು ಇಟ್ಟಾಗ ಅವಳು ಮುಖ ತಿರುಗಿಸಿದಳು.

ಐದು ತಿಂಗಳ ಮೇಲೆ ಹಲವಾಗಲಿಗೆ ಒಂದು ಬಾಗಿಲು ಕೂಡಿಸುವ ಕೆಲಸ ಬಂತು. ಮುಗಿಸಿ ಕೈಕಾಲು ತೊಳೆಯಲು ಹೊಳೆಗೆ ಇಳಿದೆ. ದಂಡೆಯಲ್ಲಿ ಯಾರೋ ಕಂಬಳಿ ಒಗೆಯುತ್ತಿದ್ದರು. ಧಪ್, ಧಪ್ ಅನ್ನುವ ಸದ್ದು. ಆ ಸದ್ದು ನನಗೆ ಗೊತ್ತು. ನಲವತ್ತು ತುಂಡುಗಳಲ್ಲಿ ನಾನೇ ಆರಿಸಿದ್ದು.

ರೇಣುಕಾ ಸೀರೆ ಎತ್ತಿ ಕಟ್ಟಿ, ಬಂಡೆಯ ಮೇಲೆ ನೆನೆದ ಕಂಬಳಿ ಹರವಿ, ಆ ಬ್ಯಾಟಿನಿಂದ ಬಡಿಯುತ್ತಿದ್ದಳು. ಬ್ಯಾಟಿನ ಮುಖ ನೀರು ಕುಡಿದು ಊದಿತ್ತು, ಎಳೆ ಬಿಟ್ಟಿತ್ತು. ಒಂದು ಅಂಚಿನಲ್ಲಿ ಕಂದು ಕಲೆ. ನನ್ನನ್ನು ನೋಡಿ ಬಡಿಯುವುದು ನಿಲ್ಲಿಸಿದಳು, ಮುಚ್ಚಿಡಲಿಲ್ಲ.

"ಯಾವಾಗ ಬಂದ್ರಿ ಕಾಕಾ? ಕಾಕಿ ಅರಾಮ ಅದಾರ?"

ಅರಾಮ ಅಂದೆ. ನನ್ನ ಕಣ್ಣು ಎಲ್ಲಿದೆ ಅಂತ ಅವಳಿಗೆ ತಿಳಿಯಿತು.

"ಯುಗಾದಿ ಆದ ಮ್ಯಾಲ ಮದುವಿ. ಗಂಡಿನ ಕಡಿಯೋರು ಹೊಳಲಿನೋರು. ಮನ್ಯಾಗಿನ ಕಂಬಳಿ ಎಲ್ಲಾ ಒಗೀಬೇಕಲ್ಲ, ಸಣ್ಣ ಕೋಲೀಲೆ ಬಡದ್ರ ಮಣ್ಣು ಹೋಗಂಗಿಲ್ಲ." ಕಂಬಳಿ ಮಗುಚಿ ಹಾಕುತ್ತ, "ಈಗ ಇದಕ್ಕ ಯಾರೂ ಅಳತಿ ಹಿಡಿಯಂಗಿಲ್ಲ," ಅಂದಳು.

ನನ್ನ ಕಣ್ಣಲ್ಲಿ ನೀರು ಬಂತು. ಮುಖ ತೊಳೆಯುವ ನೆವ ಮಾಡಿ ಹೊಳೆಗೆ ಬಗ್ಗಿದೆ.

ಅವಳು ಊಟಕ್ಕೆ ಕರೆದಳು. ಬರುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಬಂದವನು, ದಿನವಿಡೀ ಬಾಗಿಲು ಎತ್ತಿಳಿಸಿದ್ದೆ, ಹಸಿವು ಕಣ್ಣು ಕತ್ತಲೆ ಕಟ್ಟಿಸುತ್ತಿತ್ತು. ದೊಡ್ಡಬೀರಪ್ಪ ಕುರಿ ಕಡೆ ಹೋಗಿದ್ದ. ಅವನ ಹೆಂಡತಿ ಮರುಳಸಿದ್ದಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಬಡಿಸಿದಳು. ರೇಣುಕಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಒರಗಿ ನಿಂತಳು. ಎರಡು ರೊಟ್ಟಿ ಆದ ಮೇಲೆ ನಾನು ಎಲ್ಲರ ಹಾಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

"ಸಾಕ್ರವ್ವಾ, ಸಾಕು."

ಮರುಳಸಿದ್ದಮ್ಮ ಎಲ್ಲರ ಹಾಗೆ ಮೂರನೆಯ ರೊಟ್ಟಿ ಹಿಡಿದು ನನ್ನ ಕೈ ಸರಿಸಲು ಬಗ್ಗಿದಳು.

"ಯವ್ವಾ," ಅಂದಳು ರೇಣುಕಾ. ದನಿ ಎತ್ತರಿಸಲಿಲ್ಲ. "ಕಾಕಾ ಸಾಕು ಅಂದ್ರಲ್ಲ. ಸಾಕು ಅಂದ ಮ್ಯಾಲ ಹಾಕಬಾರದು."

ಮರುಳಸಿದ್ದಮ್ಮ ಒಮ್ಮೆ ಮಗಳನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ರೊಟ್ಟಿಯನ್ನು ವಾಪಸು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದಳು. ನನಗೆ ಇನ್ನೂ ಹಸಿವಿತ್ತು. ರೇಣುಕಾ ಚೊಂಬಿನಲ್ಲಿ ನೀರು ತಂದು ಎರೆದಳು, ನಾನು ಕೈ ತೊಳೆದುಕೊಂಡೆ.